ತೂಕದ ಹಲಗೆ

ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ
ತೂಕದ ಜೇನ್ಕಲ್ಲಪ್ಪ ಅಂದರೆ ಗ್ರಾಮು ತಪ್ಪದ ಕೈ.
ಸೋಮವಾರ ಬೆಳಗಾಗೆದ್ದು ನನ್ನ ಶೆಡ್ಡಿಗೆ ಬಂದ,
ಕಂಕುಳಲ್ಲಿ ಒಂದು ಹಲಗೆ,
ಕೈಯಲ್ಲಿ ಹಾರ್ಲಿಕ್ಸ್ ಬಾಟಲಿ.

"ಆಚಾರ್ರೆ, ಒಂದು ಪೆಟ್ಟಿಗೆ ಆಗಬೇಕು."
ಏನಿಡೋಕೆ, ಅಂದೆ.
ಬಾಟಲಿ ಎತ್ತಿ ಬೆಳಕಿಗೆ ಹಿಡಿದ.
ಬೂದಿ. ನಡುನಡುವೆ ಬಿಳೀ ಚೂರು.
"ಗಿಟುಕು" ಅಂದ.

ನಲವತ್ತು ವರ್ಷದಿಂದ ಉಳಿ ಹಿಡಿದವನು ನಾನು.
ಬಾಗಿಲು, ತೊಟ್ಟಿಲು, ಹಸೆಮಣೆ,
ಜೂನಿಯರ್ ಕಾಲೇಜಿಗೆ ಬೆಂಚು,
ಒಮ್ಮೆ ಸೀಮೆಎಣ್ಣೆ ಡೀಲರಿಗೆ ಗಲ್ಲಾಪೆಟ್ಟಿಗೆ.
ಬೆಕ್ಕಿಗೆ ಅಂತ ಒಂದು ಮೊಳೆ ಹೊಡೆದವನಲ್ಲ.

ಹೂಳಬಹುದಿತ್ತಲ್ಲಯ್ಯ, ಅಂದೆ.
"ಎಲ್ಲಿ? ಮಂಡಿ ತುಂಬ ಕಾಂಕ್ರೀಟು.
ನನ್ನದು ಬಾಡಿಗೆ ಮನೆ, ಮಹಡಿ ಮೇಲೆ.
ರೈಲ್ವೆ ಜಾಗದಲ್ಲಿ ನಾಯಿ ಕೆದರುತ್ವೆ.
ಚಿಪ್ಪಿನ ರಾಶಿಗೆ ಬೆಂಕಿ ಹಾಕ್ದೆ."
ತೆಂಗಿನ ಚಿಪ್ಪಿನ ಕಾವು ಗೊತ್ತಲ್ಲ,
ಹೊಗೆ ಕಮ್ಮಿ, ಹಟ ಜಾಸ್ತಿ.

ಹಲಗೆ ಹಳೇ ತಕ್ಕಡಿಯದು.
ಚೀಲ ಏರಿದ ಕೂಡಲೇ ತಾನೂ ಏರುವಳು;
ರೈತರು ನಗುವರು,
"ನಮ್ಮ ಲೆಕ್ಕಕ್ಕೆ ಬೆಕ್ಕು ಸೇರಿಸಬೇಡಪ್ಪೋ."
ಇಳಿಸುತ್ತಿರಲಿಲ್ಲ ಜೇನ್ಕಲ್ಲಪ್ಪ. ಕಳೆದು ಬರೆಯುವನು:
ಮೂರು ಕೆಜಿ ಇನ್ನೂರು,
ಮರಿ ಹಾಕಿದ ತಿಂಗಳು ಎರಡೂ ಮುಕ್ಕಾಲು.
ಕರೆಂಟಿನ ಮಿಷನ್ನು ಬಂದ ಮೇಲೆ
ಕಬ್ಬಿಣ ಗುಜರಿಗೆ ಹೋಯಿತು,
ಹಲಗೆ ಉಳಿಯಿತು ಮೂಲೆಯಲ್ಲಿ, ಅದರ ಮೇಲೆ ಅವಳು.

ಹೊನ್ನೆ ಮರ. ಕೊಬ್ಬರಿ ಎಣ್ಣೆ ಕುಡಿದು ಕಪ್ಪಾಗಿದೆ.
ಕೀಸುಳಿ ಎಳೆದರೆ ಸಿಪ್ಪೆ ಸುರುಳಿಯಾಗದೆ
ಬಾಯಿಗೇ ಅಂಟಿಕೊಂಡಿತು.
ಈ ಜಿಡ್ಡಿಗೆ ಗೋಂದು ಹಿಡಿಯುವುದಿಲ್ಲ.
ಮೂಲೆಮೂಲೆಗೆ ಹಲ್ಲು ಕೊರೆದು
ಒಂದಕ್ಕೊಂದು ಕಚ್ಚಿಸಬೇಕು.

ಮಗುಚಿದೆ.
ಅಲ್ಲಿತ್ತು ಅವಳ ಉಗುರಿನ ಬರಹ,
ಅಂಚಿನುದ್ದಕ್ಕೂ ಗೀರಿನ ಮೇಲೆ ಗೀರು.
ಬಲಗಡೆ ಆಳ. ಎಡಗಡೆ ತೇಲಿದೆ.

ಎಡಗಡೆ ಯಾಕೆ ತೇಲಿದೆ ಅಂತ
ಈ ಊರಲ್ಲಿ ಒಬ್ಬನಿಗೇ ಗೊತ್ತು.

ಆರು ವರ್ಷದ ಹಿಂದೆ, ಮದುವೆ ಆರ್ಡರಿನ ಮಂಚ,
ಪಾಲಿಶ್ ಇನ್ನೂ ಹಸಿ.
ಅದರ ಮೇಲೆ ನಡೆದುಹೋಯಿತು ಒಂದು ಬೆಕ್ಕು,
ತಲೆದೆಸೆಯಿಂದ ಕಾಲ್ದೆಸೆಗೆ, ನಿಧಾನವಾಗಿ,
ತನ್ನದೇ ಮದುವೆ ಅನ್ನುವ ಹಾಗೆ.
ಕೈಗೆ ಸಿಕ್ಕಿದ್ದು ತೇಗದ ತುಂಡು.
ಗುರಿ ಇಡಲಿಲ್ಲ ನಾನು, ಅಂತ
ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ.
ಮಾರನೇ ದಿನ ಅವಳನ್ನು ಟವೆಲಿನಲ್ಲಿ ಸುತ್ತಿಕೊಂಡು
ಪಶು ಆಸ್ಪತ್ರೆಗೆ ಹೊರಟ ಜೇನ್ಕಲ್ಲಪ್ಪ
ಇದೇ ಬಾಗಿಲಲ್ಲಿ ನಿಂತು ಹೇಳಿದ,
"ಯಾವನೋ ಮುಂಗಾಲಿಗೆ ಬೈಕು ಹತ್ತಿಸವ್ನೆ."
ಹೌದಾ, ಅಂದೆ.

ಗೀರಿನ ಮುಖಕ್ಕೆ ಕೀಸುಳಿ ಮುಟ್ಟಿಸಲಿಲ್ಲ.
ಒಳಗೆ ಬರುವ ಹಾಗೆ ಜೋಡಿಸಿದೆ, ಬೂದಿಗೆ ತಾಗಲಿ.
ಅವಳದು ಅವಳಿಗೆ ಅಂದುಕೊಂಡೆ,
ಹೊರಗಿದ್ದರೆ ಅವನು ಬೆರಳಾಡಿಸುತ್ತಾನೆ ಅಂತಲೂ.

ಗುರುವಾರ ಮಂಡಿಗೆ ಒಯ್ದೆ.
ಮುಚ್ಚಳಕ್ಕೆ ಚಿಲಕ ಇಲ್ಲ, ಅವನೇ ಬೇಡ ಅಂದಿದ್ದ.
ಪೆಟ್ಟಿಗೆಯನ್ನು ಮಿಷನ್ನಿನ ಮೇಲಿಟ್ಟು
ಸೊನ್ನೆ ಒತ್ತಿದ. ಪೆಟ್ಟಿಗೆ ಇಲ್ಲವಾಯಿತು.
ಬಾಟಲಿ ಬಗ್ಗಿಸಿದ.
"ನೂರ ಹತ್ತು, ಬರ್ಕೋ" ಅಂದ ಅಭ್ಯಾಸಕ್ಕೆ.
ಗುಮಾಸ್ತರ ಹುಡುಗ ಪೆನ್ನೆತ್ತಿ, ಸುಮ್ಮನಾದ.
ಅದರಲ್ಲಿ ಚಿಪ್ಪಿನದೆಷ್ಟು, ಅವಳದೆಷ್ಟು,
ಕಳೆದು ಬರೆಯಲು ಈ ಸಲ ಅವನಿಗೂ ಬರಲಿಲ್ಲ.

ಗಲ್ಲಾದ ಪಕ್ಕ ಇಟ್ಟರೆ ಪೆಟ್ಟಿಗೆ ಅಲುಗಿತು.
ಇರುವೆ ಹತ್ತದಿರಲೆಂದು ನಾಲ್ಕು ಕಾಲು ಕೊಟ್ಟಿದ್ದೆ;
ಮುಂದಿನ ಎಡಗಾಲು ಒಂದು ನೂಲು ಗಿಡ್ಡ.
ದೇವರಾಣೆಗೂ ಬೇಕೆಂದು ಮಾಡಿದ್ದಲ್ಲ.
ಕೊಡು, ಸರಿಮಾಡಿ ನಾಳೆ ತರ್ತೀನಿ, ಅಂದೆ.
ಅಂದ ದನಿ ನನ್ನದರಂತೆ ಕೇಳಲಿಲ್ಲ.

ಜೇನ್ಕಲ್ಲಪ್ಪ ಕಾಲನ್ನು ನೋಡಿದ.
ಆಮೇಲೆ ನನ್ನನ್ನು, ತುಸು ಹೆಚ್ಚೇ ಹೊತ್ತು,
ಮುಳ್ಳು ನಿಲ್ಲುವುದನ್ನು ಕಾಯುವವನ ಹಾಗೆ.
"ಬ್ಯಾಡ ಬುಡಿ. ಅವ್ಳೂ ಹಿಂಗೇ ನಿಲ್ತಿದ್ಲು."
ಒಂದು ತೂಕದ ಚೀಟಿ ಮಡಿಚಿ ಕಾಲಡಿ ಸಿಕ್ಕಿಸಿದ.

ದುಡ್ಡು ಬೇಡ, ಅಂದೆ.
"ಅದ್ಯಾಕೆ?" ಅಂದ.

ಆಗ ಹೇಳಬಹುದಿತ್ತು.

ಆರುನೂರೈವತ್ತು, ಎರಡು ಸಲ ಎಣಿಸಿ ಕೊಟ್ಟ.
ಎಣಿಸಿಕೊಂಡೆ.